ಮೂರು ಹನಿ ಜರ್ಮನ್ ಎಣ್ಣೆ

ತಿಥಿ ಮುಗಿಸಿ ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಗ್ಗೆ, ಹಾಲಿನ ಪಾತ್ರೆಯನ್ನು ಒಲೆಯ ಮೇಲಿಟ್ಟು, ಗ್ಯಾಸು ಹಚ್ಚದೆ, ಎಂಟೂವರೆಯವರೆಗೆ ನಾನು ಅದರ ಮುಂದೆ ನಿಂತಿದ್ದೆ.

ದುಃಖದಿಂದಲ್ಲ. ಸೂಚನೆ ಬಂದಿರಲಿಲ್ಲ, ಅಷ್ಟೆ. ನನ್ನ ಗಂಡ ವೆಂಕಟಗಿರಿ ಬದುಕಿದ್ದ ಕೊನೆಯ ಹದಿನೇಳು ದಿನವೂ ಬೆಳಗ್ಗೆ ಆರಕ್ಕೆ ಮನೆಯ ಮುಂದೆ ಟಕ್, ಟಕ್, ಟಕ್ ಎಂದು ಮೂರು ಸಲ ಸದ್ದಾಗುತ್ತಿತ್ತು. ಅದು ಕೇಳಿದೊಡನೆ ನಾನು ಒಲೆ ಹಚ್ಚುತ್ತಿದ್ದೆ. ಹಾಲು ಉಕ್ಕುವ ಹೊತ್ತಿಗೆ ಗಿರಿ ಕೈ ಒರೆಸಿಕೊಳ್ಳುತ್ತ ಒಳಗೆ ಬಂದು, "ನಾಳೆ ಬಂದ್ಬಿಡುತ್ತೆ ಕಣೇ" ಎನ್ನುತ್ತಿದ್ದ.

ಬರಬೇಕಾಗಿದ್ದದ್ದು ಒಂದು ನಟ್ಟು.

ಗಿರಿ ರಾಜಾಜಿನಗರದ ಕಾಲೇಜೊಂದರಲ್ಲಿ ಗ್ರಂಥಪಾಲಕ. ಹನ್ನೆರಡು ಸಾವಿರ ಪುಸ್ತಕಗಳಿಗೆ ಚೀಟಿ ಅಂಟಿಸಿದ ಕೈ ಅವನದು. ಫೋನಿನಲ್ಲಿ ಕಾರು ರಿಪೇರಿಯ ವಿಡಿಯೋ ನೋಡಿ ನೋಡಿ ಆ ಕೈಗೆ ತಾನು ಅರ್ಧ ಮೆಕ್ಯಾನಿಕ್ ಎಂಬ ನಂಬಿಕೆ ಬಂದಿತ್ತು. ಒಂದು ಭಾನುವಾರ ನಮ್ಮ ಸೆಕೆಂಡ್ ಹ್ಯಾಂಡ್ ಬಿಳಿ ಕಾರಿನ ಮುಂದಿನ ಎಡ ಟೈರು ರಸ್ತೆಗುಂಡಿಗೆ ಬಿದ್ದು ಸೀಳಿತು. ಹೇಗೋ ಮನೆ ಮುಂದೆ ತಂದು ನಿಲ್ಲಿಸಿದ. "ಸ್ಟೆಪ್ನಿ ಹಾಕೋಕೆ ಮೆಕ್ಯಾನಿಕ್ ಕರೀತಾರೇನೇ ಯಾರಾದ್ರೂ?" ಎಂದು ಶರ್ಟಿನ ತೋಳು ಮಡಿಸಿದ. ಜಾಕಿ ಏರಿಸಿದ. ಮೂರು ನಟ್ಟು ನಾಲ್ಕು ನಿಮಿಷದಲ್ಲಿ ಬಂದವು. ಅವನ್ನು ನನ್ನ ಕಾಫಿ ಲೋಟದಲ್ಲಿ ಹಾಕಿಟ್ಟ. ನಾಲ್ಕನೆಯದು ಬರಲಿಲ್ಲ.

ಅದು ಸಾಮಾನ್ಯ ನಟ್ಟಲ್ಲ. ಪ್ರತಿ ಆಯುಧಪೂಜೆಗೂ ಗಿರಿ ತೆಂಗಿನಕಾಯಿ ಒಡೆದು, ಅದರ ನೀರನ್ನು ಅದೇ ನಟ್ಟಿನ ಮೇಲೆ ಸುರಿದು, ಅರಿಶಿನ ಕುಂಕುಮ ಮೆತ್ತಿ, "ಇಡೀ ಗಾಡಿಗೆ ಇದೇ ಮೊದಲನೇದು" ಎನ್ನುತ್ತಿದ್ದ. ದೇವರ ಕುಂಕುಮವಲ್ಲವೆ, ತೊಳೆಯಲಿಲ್ಲ. ಆರು ವರ್ಷದ ಕುಂಕುಮ, ಆರು ವರ್ಷದ ಕಾಯಿನೀರು, ಆರು ಮಳೆಗಾಲ. ನಟ್ಟು ಚಕ್ರದೊಡನೆ ಒಂದೇ ದೇಹವಾಗಿತ್ತು.

ಗಿರಿ ಮೂರನೆಯ ದಿನ ಎಲ್ಲಿಂದಲೋ ಉದ್ದ ಮೂಗಿನ ಒಂದು ಪುಟ್ಟ ಎಣ್ಣೆ ಡಬ್ಬಿ ತಂದ. ಅದರ ಮೇಲೆ ಅವನದೇ ದುಂಡು ಅಕ್ಷರದ ಚೀಟಿ: 'ತುಕ್ಕು ನಿವಾರಕ ತೈಲ. ಜರ್ಮನಿ.' ಕೆಳಗೆ, ಕಸುಬಿನ ಚಟಕ್ಕೆ, ಪುಸ್ತಕಕ್ಕೆ ಕೊಡುವ ಹಾಗೆ ಒಂದು ನಂಬರು.

"ಜರ್ಮನಿಯಿಂದ ಯಾರು ತಂದ್ಕೊಟ್ರು?" ಎಂದೆ.

"ಅವೆಲ್ಲ ಕಾಂಟ್ಯಾಕ್ಟ್ಸು ಕಣೇ, ನಿಂಗೊತ್ತಾಗಲ್ಲ."

ನಾನು ಜ್ಞಾನಭಾರತಿಯಲ್ಲಿ ಇತಿಹಾಸ ಎಂ.ಎ. ಓದಿದವಳು. ಆಧಾರ ಕೇಳದೆ ಯಾವುದನ್ನೂ ನಂಬಬಾರದೆಂದು ನಮಗೆ ಎರಡು ವರ್ಷ ಕಲಿಸಿದ್ದರು. ನಂಬಿದೆ. ದಿನಾ ಬೆಳಗ್ಗೆ ಮೂರು ಹನಿ ಜರ್ಮನ್ ಎಣ್ಣೆ, ಸ್ಪ್ಯಾನರಿನಿಂದ ಮೂರು ಪೆಟ್ಟು, ಆಮೇಲೆ ಕಾಫಿ. ಎಳೆಯುತ್ತಲೇ ಇರಲಿಲ್ಲ. ಆಗಾಗ ಸ್ಪ್ಯಾನರ್ ಹಾಕಿ, ಬಿಚ್ಚುವ ಕಡೆಗಲ್ಲ, ಬಿಗಿಯುವ ಕಡೆಗೆ ಒಂದಿಷ್ಟು ಒತ್ತಿ ನೋಡುತ್ತಿದ್ದ. "ಮೊದ್ಲು ಒಂಚೂರು ಬಿಗೀಬೇಕು, ಆಗ ತುಕ್ಕು ಬಿಡುತ್ತೆ. ವಿಡಿಯೋದಲ್ಲಿ ಹೇಳಿದಾನೆ" ಎನ್ನುತ್ತಿದ್ದ. ಇಡೀ ಕ್ರಾಸು ಅವನನ್ನು ನೋಡಿ ನಗುತ್ತಿತ್ತು.

ಇಪ್ಪತ್ತನೆಯ ದಿನ ಅವನು ಕಾಲೇಜಿನ ಮೆಟ್ಟಿಲ ಮೇಲೆ ಸುಸ್ತೆಂದು ಕುಳಿತ. ಏಳಲಿಲ್ಲ. ಮೂವತ್ತಾರು ವರ್ಷ.

ಆಮೇಲೆ ಕ್ರಾಸು ನಗುವುದನ್ನು ನಿಲ್ಲಿಸಿತು. ಅದಕ್ಕೆ ಕಾರಣ ಕಾಗೆ.

ಮೂರನೆಯ ದಿನ ಹಾಲು ತುಪ್ಪಕ್ಕೆ ಸಮಾಧಿಯ ಮುಂದೆ ಬಾಳೆಲೆಯಲ್ಲಿ ಅವನಿಗೆ ಇಷ್ಟವಾದದ್ದನ್ನೆಲ್ಲ ಇಟ್ಟಿದ್ದರು: ಮುದ್ದೆ, ಬಸ್ಸಾರು, ಬೇಕರಿಯ ಎಗ್ ಪಫ್ಸು. ಕಾಗೆ ಬಂದು ಮುಟ್ಟಬೇಕು. ಮುಟ್ಟದಿದ್ದರೆ ಹೋದವನ ಮನಸ್ಸಿನಲ್ಲಿ ಏನೋ ಉಳಿದಿದೆ ಎಂದರ್ಥ; ಅದನ್ನು ನಡೆಸಿಕೊಡುತ್ತೇವೆಂದು ಯಾರಾದರೂ ಮಾತು ಕೊಡಬೇಕು. ಕಾಗೆ ಬಂದು ಕಾಂಪೌಂಡಿನ ಮೇಲೆ ಕುಳಿತಿತು. ಇಳಿಯಲಿಲ್ಲ.

ಗಿರಿಯ ಅಣ್ಣ ಮಹದೇವ್ ಭಾವ ಕೈ ಮುಗಿದರು. "ಗಿರೀ, ತುಂಗಾನ ನಾವು ನೋಡ್ಕೋತೀವಿ ಕಣೋ."

ಕಾಗೆ ಕೊಕ್ಕು ಉಜ್ಜಿಕೊಂಡಿತು.

"ಊರ ಮನೆ ಭಾಗ ಮಾಡೋವಾಗ ನಿನ್ನ ಪಾಲು ಬಿಡಲ್ಲ ಕಣೋ."

ಕಾಗೆ ಬೆನ್ನು ತಿರುಗಿಸಿತು. ಬಹುಶಃ ಅದಕ್ಕೂ ಮಹದೇವ್ ಭಾವ ಗೊತ್ತಿದ್ದರು.

ಒಂದು ಗಂಟೆಯಾಯಿತು. ಬಿಸಿಲೇರಿತು. ಕೊನೆಗೆ ಎದುರು ಮನೆಯ ಕೃಷ್ಣಪ್ಪನವರಿಗೆ ತಾಳ್ಮೆ ತಪ್ಪಿತು. ನಮ್ಮ ಕ್ರಾಸು ಹಿಂದೆ ಅವರ ರಾಗಿ ಹೊಲವಾಗಿತ್ತು. ಮೂಡಲಪಾಳ್ಯ ಊರಾಗಿದ್ದ ಕಾಲದವರು, ಆದ್ದರಿಂದ ಈಗಲೂ ಎಲ್ಲರ ಬದುಕೂ ತಮ್ಮ ಹೊಲದಲ್ಲೇ ಬೆಳೆದದ್ದೆಂದು ಭಾವಿಸಿದ್ದರು. ಮುಂದೆ ಬಂದು ಗಟ್ಟಿಯಾಗಿ ಹೇಳಿದರು: "ಗಿರಿಯಪ್ಪಾ, ಆ ನಟ್ಟು ಬಿಚ್ಚಿ ನಿನ್ ಕಾರು ಓಡಿಸ್ತೀವಿ ಕಣಪ್ಪಾ! ನಂಗೆ ಬಿಡು!"

ಕಾಗೆ ಒಂದೇ ಹಾರಿಕೆಗೆ ಇಳಿದು ಎಗ್ ಪಫ್ಸು ಎತ್ತಿಕೊಂಡು ಹೋಯಿತು.

ಅಲ್ಲಿದ್ದ ನಲವತ್ತು ಜನರಿಗೆ ಮೈ ಜುಮ್ಮೆಂದಿತು. ಅಂದಿನಿಂದ ಆ ನಟ್ಟು ನಮ್ಮ ಮನೆಯದಾಗಿ ಉಳಿಯಲಿಲ್ಲ.

ನಾನು ಹಾಲಿನ ಮುಂದೆ ನಿಂತಿದ್ದ ಆ ಬೆಳಗ್ಗೆ ಎಂಟೂವರೆಗೆ ಬಾಗಿಲು ತಟ್ಟಿದವರೂ ಕೃಷ್ಣಪ್ಪನವರೇ. ಕೈಯಲ್ಲಿ ಹಾರೆಯಿತ್ತು. ಹಿಂದೆ ಅವರ ಮಗ ಜೀವನ್, ವಿಜಯನಗರದ ಜಿಮ್ಮಿನಲ್ಲಿ ತರಬೇತಿ ಕೊಡುವವನು, ತೋಳಿಲ್ಲದ ಬನಿಯನ್ನಿನಲ್ಲಿದ್ದ.

"ತುಂಗಮ್ಮಾ, ಆಚೆ ಬಾ. ಕಾರಿಗೆ ಪೊಲೀಸ್ನೋರು ಚೀಟಿ ಅಂಟಿಸವ್ರೆ."

ಕಾರಿನ ಗಾಜಿನ ಮೇಲೆ ನೋಟಿಸಿತ್ತು. 'ವಾರಸುದಾರರಿಲ್ಲದ ವಾಹನ. ಏಳು ದಿನದೊಳಗೆ ತೆರವುಗೊಳಿಸದಿದ್ದಲ್ಲಿ ವಶಪಡಿಸಿಕೊಂಡು ವಿಲೇವಾರಿ ಮಾಡಲಾಗುವುದು.' ಮೊದಲ ಎರಡು ಪದಗಳನ್ನು ನಾನು ಎರಡು ಸಲ ಓದಿದೆ.

"ಏಳು ದಿನ ಯಾಕೆ, ಏಳು ನಿಮಿಷ ಸಾಕು" ಎಂದ ಜೀವನ್. "ಅಪ್ಪ, ಸರ್ಕೊಳ್ಳಿ."

ಸ್ಪ್ಯಾನರಿಗೆ ನಾಲ್ಕಡಿ ಪೈಪು ಸಿಕ್ಕಿಸಿ, ಅದರ ತುದಿಗೆ ಹತ್ತಿ ಕುಣಿದ. ಪೈಪು ಬಾಗಿತು. ಕಾರು ಅಲುಗಾಡಿತು. ಜೀವನ್ ರಸ್ತೆಯಲ್ಲಿ ಕುಳಿತಿದ್ದ. ನಟ್ಟು ಇದ್ದ ಹಾಗೇ ಇತ್ತು.

"ಎಂಬತ್ತೈದು ಕೆಜಿ ಅವ್ನೆ ಇವ್ನು" ಎಂದು ಕೃಷ್ಣಪ್ಪ ಮೆಲ್ಲನೆ ಹೇಳಿ, ಚಪ್ಪಲಿ ಬಿಟ್ಟು, ನಟ್ಟನ್ನು ಬಗ್ಗಿ ನೋಡಿದರು. "ಇದು ಕಬ್ಬಿಣದ ಶಕ್ತಿಯಲ್ಲ ಕಣಮ್ಮಾ."

ಮಾರನೆಯ ದಿನ ಬೆಳಗ್ಗೆ ಆರಕ್ಕೆ ನಾನೇ ಹೊರಗೆ ಹೋದೆ. ಬಾಗಿಲ ಹಿಂದೆ ಮೊಳೆಗೆ ನೇತುಹಾಕಿದ್ದ ಅವನ ರಿಪೇರಿ ಶರ್ಟಿನ ಜೇಬಿನಿಂದ ಎಣ್ಣೆ ಡಬ್ಬಿ ತೆಗೆದು, ಮೂರು ಹನಿ ಬಿಟ್ಟು, ಸ್ಪ್ಯಾನರಿನಿಂದ ಮೂರು ಸಲ ತಟ್ಟಿದೆ. ಮಾತು ನಡೆಸಲು ಅಲ್ಲ. ಆ ಸದ್ದಾಗದೆ ನನ್ನ ಕೈ ಗ್ಯಾಸು ಹಚ್ಚುವುದಿಲ್ಲ ಎಂಬುದು ಹಿಂದಿನ ದಿನ ಖಚಿತವಾಗಿತ್ತು. ಒಳಗೆ ಬಂದು ಕಾಫಿ ಮಾಡಿ ಕುಡಿದೆ. ಹನ್ನೆರಡು ದಿನಗಳಲ್ಲಿ ನಾನು ಪೂರ್ತಿ ಕುಡಿದ ಮೊದಲ ಲೋಟ.

ಎಂಟಕ್ಕೆ ಗಂಡಸರು ಬಂದರು. ದಿನವೂ ನಡೆದದ್ದು ಇಷ್ಟೆ: ಆರಕ್ಕೆ ನಾನು, ಎಂಟಕ್ಕೆ ಅವರು. ನನ್ನನ್ನು ಯಾರೂ ಏನೂ ಕೇಳಲಿಲ್ಲವಾದ್ದರಿಂದ ನಾನೂ ಏನೂ ಹೇಳಲಿಲ್ಲ.

ನೋಟಿಸು ಬಂದ ಮೂರನೆಯ ದಿನ ಒಬ್ಬ ಮೆಕ್ಯಾನಿಕ್ಕನನ್ನು ಕರೆತಂದರು. ಅವನು ಒಮ್ಮೆ ನೋಡಿ, "ಗ್ಯಾಸ್ ಕಟಿಂಗ್ ಮಾಡ್ಬೇಕು ಸಾರ್" ಎಂದ.

"ಕತ್ತರಿಸೋ ಹಂಗಿಲ್ಲ" ಎಂದರು ಕೃಷ್ಣಪ್ಪ.

"ಯಾಕೆ ಸಾರ್?"

"ಬಿಚ್ತೀವಿ ಅಂದಿರೋದು. ಕತ್ತರಿಸ್ತೀವಿ ಅಂದಿಲ್ಲ."

"ಯಾರಿಗೆ?"

"ಕಾಗೆಗೆ."

ಮೆಕ್ಯಾನಿಕ್ ಕೃಷ್ಣಪ್ಪನವರನ್ನೂ, ಹಾರೆಯನ್ನೂ ನೋಡಿ, ಸ್ಕೂಟರ್ ಸ್ಟಾರ್ಟ್ ಮಾಡಿದ.

ಆ ಮಧ್ಯಾಹ್ನವೇ ನಟ್ಟು ಅಳತೊಡಗಿತು.

ಮೊದಲು ಕೇಳಿಸಿಕೊಂಡವರು ಕೃಷ್ಣಪ್ಪನವರ ಹೆಂಡತಿ ವಿಮಲಮ್ಮ. ಎಲ್ಲರೂ ಊಟಕ್ಕೆ ಹೋಗಿ ಕ್ರಾಸು ತಣ್ಣಗಿದ್ದಾಗ ಕಾರಿನ ಕಡೆಯಿಂದ ಸಣ್ಣಗೆ ಕಿಂಯ್... ಕಿಂಯ್... ಎಂದು ಕೇಳಿಸಿತಂತೆ. ಅವರು ಬಂದು ನನ್ನ ಕೈ ಹಿಡಿದುಕೊಂಡರು.

"ತುಂಗಾ, ಹೆದರ್ಕೋಬೇಡ ಕಣೇ. ನಿನ್ ಗಂಡ ಅಲ್ಲೇ ಅವ್ನೆ. ನಟ್ಟು ಹಿಡ್ಕೊಂಡು ಅಳ್ತಾವ್ನೆ."

"ಯಾವುದೋ ಫ್ಯಾನ್ ಇರ್ಬೇಕು ಆಂಟಿ."

"ಫ್ಯಾನು ಅಂಗಾ ಬಿಕ್ಕುತ್ತೇನೇ? ಬಿಕ್ಕಿ ಬಿಕ್ಕಿ ನಿಲ್ತೈತೆ, ಆಮೇಲೆ ತಿರ್ಗಾ ಅಳ್ತೈತೆ! ಕೇಳು!"

ಕೇಳಿದೆ. ನಿಜವಾಗಿಯೂ ಬಿಕ್ಕುವಂತೆಯೇ ಇತ್ತು. ಸ್ವಲ್ಪ ಹೊತ್ತು ಒಂದೇ ಸಮನೆ, ನಂತರ ಮೌನ, ಮತ್ತೆ. ಎಲ್ಲಿಂದ ಬರುತ್ತಿದೆ ಎಂದು ಹೇಳಲಾಗುತ್ತಿರಲಿಲ್ಲ. ಮನೆಗಳ ನಡುವಿನ ಸಂದುಗಳಲ್ಲಿ ನುಸುಳಿ ಬರುವ ಸದ್ದಿಗೆ ವಿಳಾಸವಿರುವುದಿಲ್ಲ.

ಸಂಜೆಯ ಹೊತ್ತಿಗೆ ಪಕ್ಕದ ಕ್ರಾಸಿನವರೂ ಬಂದು ಕೇಳಿಸಿಕೊಂಡು ಹೋದರು. ಯಾರೋ ಚಕ್ರದ ಮುಂದೆ ಊದುಬತ್ತಿ ಹಚ್ಚಿದರು. ಶಾಲೆಗೆ ಹೋಗುವ ಮಕ್ಕಳು ಪರೀಕ್ಷೆಗೆಂದು ನಟ್ಟಿಗೆ ಕೈ ಮುಗಿಯತೊಡಗಿದವು. ನಾನು ದೂರ ನಿಂತು ನೋಡಿದೆ. ಹೆಬ್ಬೆರಳ ಗಾತ್ರದ ಕಬ್ಬಿಣ; ಅದರ ಮುಂದೆ ಎಂಬತ್ತೈದು ಕೆಜಿಯ ಜೀವನ್ ದನಿ ತಗ್ಗಿಸಿ ಮಾತಾಡುತ್ತಿದ್ದ. ಗಿರಿ ಬದುಕಿದ್ದಾಗ ಅವನ ಮಾತಿಗೆ ಇಷ್ಟು ಗೌರವ ನಮ್ಮ ಮನೆಯಲ್ಲೂ ಸಿಕ್ಕಿರಲಿಲ್ಲ.

ನಾಲ್ಕನೆಯ ದಿನ ವಿಮಲಮ್ಮ ತಟ್ಟೆಯಲ್ಲಿ ಕುಂಕುಮ, ಕೈಯಲ್ಲಿ ಎಳನೀರು ಹಿಡಿದು ಬಂದರು. "ಸಮಾಧಾನ ಮಾಡ್ಬೇಕು ಕಣೇ ಅದನ್ನ." ಎಳನೀರಿನ ಬಾಯಿ ನಟ್ಟಿನ ಕಡೆಗೆ ಬಾಗಿತು.

"ಎಳನೀರು ಬೇಡ!" ಎಂದೆ.

ಗಿರಿ ಹೋದ ಮೇಲೆ ನಾನು ದನಿ ಎತ್ತಿದ್ದು ಅದೇ ಮೊದಲು. ವಿಮಲಮ್ಮ ಬೆಚ್ಚಿ ಎಳನೀರನ್ನು ತಾವೇ ಕುಡಿದುಬಿಟ್ಟರು. ಇಡೀ ಕ್ರಾಸಿಗೆ ಸುದ್ದಿ ಹೋಯಿತು: ತುಂಗಾಳ ಬಾಯಲ್ಲಿ ಗಿರಿಯೇ ಮಾತಾಡಿದ.

ಐದನೆಯ ದಿನ ಮಹದೇವ್ ಭಾವ ಗುಜರಿಯವನನ್ನು ಕರೆದುಕೊಂಡು ಬಂದರು. "ನೋಡಮ್ಮ ತುಂಗಾ, ಪೊಲೀಸ್ನೋರು ಎತ್ಕೊಂಡು ಹೋದ್ರೆ ಏನೂ ಸಿಗಲ್ಲ. ಇವ್ನಿಗೆ ಕೊಟ್ಬಿಡಾಣ. ನಿಂಗೆ ಕಾರು ಯಾಕೆ, ಓಡ್ಸೋರ್ಯಾರು?"

ನನಗೆ ಓಡಿಸಲು ಬರುತ್ತಿತ್ತು. ಕಲಿಸಿದವನು ಗಿರಿ. ನಮ್ಮ ಕ್ರಾಸಿನ ಇಬ್ಬರ ಗೇಟುಗಳಿಗೆ ಅದು ನೆನಪಿದೆ. ಆದರೆ ಉತ್ತರ ಕೊಡಬೇಕಾದ ಅಗತ್ಯವೇ ಬೀಳಲಿಲ್ಲ. ಸರಿಯಾಗಿ ಆಗ ಕಿಂಯ್... ಕಿಂಯ್... ಶುರುವಾಯಿತು.

"ಏನ್ ಸಾರ್ ಅದು?" ಎಂದ ಗುಜರಿಯವನು.

"ನಟ್ಟು" ಎಂದರು ಕೃಷ್ಣಪ್ಪ, ಹವಾಮಾನ ಹೇಳುವವರಂತೆ. "ಸತ್ತೋನು ಹಿಡ್ಕೊಂಡವ್ನೆ. ಕಾಗೆಗೆ ಮಾತು ಕೊಟ್ಟಿದೀವಿ."

"ಬ್ಯಾಡ ಸಾರ್. ನಂಗೆ ಇಬ್ರು ಹೆಣ್ಮಕ್ಳವ್ರೆ." ಅವನು ತಕ್ಕಡಿಯನ್ನೂ ಮರೆತು ಹೋದ. ಮಹದೇವ್ ಭಾವ ಹೊರಡುವ ಮುಂಚೆ ಚಕ್ರದ ಮುಂದೆ ನಿಂತು, "ಊರ ಮನೆ ಪಾಲಿನ ಮಾತು ನಾನು ಮರ್ತಿಲ್ಲ ಕಣೋ" ಎಂದು ನಟ್ಟಿಗೆ ಹೇಳಿದರು.

ಗಡುವಿನ ಮಾರನೆಯ ಬೆಳಗ್ಗೆ ಒಂಬತ್ತಕ್ಕೆ ಕ್ರೇನ್ ಗಾಡಿ ಬಂತು. ಜೊತೆಗೆ ಎಎಸ್‌ಐ ಅಂಜಿನಯ್ಯ. ಟ್ರಾಫಿಕ್ಕಿನಲ್ಲಿ ಇಪ್ಪತ್ತೆಂಟು ವರ್ಷ ನಿಂತ ಮುಖ. ಇಡೀ ಕ್ರಾಸು ಅವರನ್ನು ಸುತ್ತುವರಿಯಿತು.

"ಸರ್ಕೊಳ್ರೀ. ಎತ್ಕೊಂಡು ಹೋಗೋದೇ. ಯಾರ್ ಹೆಸ್ರಲ್ಲಿದೆ ಗಾಡಿ?"

"ಸಾರ್, ಎತ್ತೋ ಹಂಗಿಲ್ಲ. ಕಾಗೆಗೆ ಮಾತು ಕೊಟ್ಟಿದೀವಿ" ಎಂದರು ಕೃಷ್ಣಪ್ಪ.

"ಕಾಗೆ ಹೆಸ್ರಲ್ಲಿದೆಯೇನ್ರೀ ಆರ್‌ಸಿ?"

"ಸಾರ್, ಒಂದೇ ಒಂದ್ ನಟ್ಟು. ಅದು ಬಂದ್ರೆ ಹತ್ತು ನಿಮಿಷದಲ್ಲಿ ಗಾಡಿ ತೆಗೀತೀವಿ."

"ಒಂದ್ ನಟ್ಟಿಗೆ ಇಷ್ಟ್ ಜನಾನಾ? ಏನ್ ಗಂಡಸರ್ರೀ ನೀವು!" ಅಂಜಿನಯ್ಯ ನಕ್ಕರು. ಆ ನಗುವೇ ಅವರನ್ನು ಹಿಡಿಯಿತು. ಸುತ್ತ ಯಾರೂ ನಗಲಿಲ್ಲ. ಎಲ್ಲರೂ ಅವರನ್ನು, ನೀರಿಗೆ ಇಳಿಯುವವನನ್ನು ದಡದಲ್ಲಿದ್ದವರು ನೋಡುವಂತೆ ನೋಡಿದರು. ಅಂಜಿನಯ್ಯನವರು ಟೋಪಿ ತೆಗೆದು ಬಾನೆಟ್ಟಿನ ಮೇಲಿಟ್ಟರು. ಸ್ಪ್ಯಾನರ್ ಹಿಡಿದರು. ಎಳೆದರು. ಕತ್ತಿನ ನರ ಎದ್ದು ನಿಂತಿತು. ಕ್ರೇನಿನ ಇಬ್ಬರು ಬಂದು ಹಿಂದಿನಿಂದ ಅವರನ್ನು ಹಿಡಿದು ಎಳೆದರು. ಅವರ ಹಿಂದೆ ಜೀವನ್. ಅವನ ಹಿಂದೆ ಕೃಷ್ಣಪ್ಪ.

ಸರ್ಕಾರವೂ ಸಾರ್ವಜನಿಕರೂ ಹೀಗೆ ಒಂದೇ ಕಡೆಗೆ ಎಳೆದದ್ದನ್ನು ನಾನು ಇತಿಹಾಸದಲ್ಲೂ ಓದಿರಲಿಲ್ಲ.

ಅಂಜಿನಯ್ಯನವರ ಅಂಗಿಯ ಗುಂಡಿಯೊಂದು ಹಾರಿ ಚರಂಡಿಗೆ ಬಿತ್ತು. ಅವರು ಕುಕ್ಕರಗಾಲಲ್ಲಿ ಕುಳಿತು ನಟ್ಟನ್ನು ಬಹಳ ಹೊತ್ತು ನೋಡಿದರು. "ಇಪ್ಪತ್ತೆಂಟು ವರ್ಷ ಸರ್ವೀಸಲ್ಲಿ..." ಎಂದರು. ಆಮೇಲೆ ಎದ್ದು, "ಚೈನ್ ಹಾಕ್ರಪ್ಪ. ಎತ್ತಿ" ಎಂದರು.

"ಒಂದು ನಿಮಿಷ" ಎಂದೆ.

ಎಲ್ಲರೂ ತಿರುಗಿದರು. ನಾನು ಅಲ್ಲಿದ್ದದ್ದು ಅವರಿಗೆ ಆಗಷ್ಟೇ ಹೊಳೆದಂತಿತ್ತು. ಒಳಗೆ ಹೋಗಿ ಡಬ್ಬಿ ತಂದೆ. ಮೂರು ಹನಿ. ಟಕ್, ಟಕ್, ಟಕ್. ಸ್ಪ್ಯಾನರ್ ಹಾಕಿ ಬಲಗಡೆಗೆ ಒತ್ತಿದೆ.

"ಅಯ್ಯಯ್ಯೋ, ಆ ಕಡೆ ಅಲ್ಲಮ್ಮಾ!" ಕೃಷ್ಣಪ್ಪ ಕೂಗಿದರು.

"ಆಂಟಿ, ಅದು ಟೈಟ್ ಮಾಡೋ ಸೈಡು!" ಎಂದ ಜೀವನ್. ನಾನು ಅವನಿಗಿಂತ ಎರಡು ವರ್ಷ ದೊಡ್ಡವಳು.

"ಪಾಪ, ಬಿಡ್ರೀ" ಎಂದರು ವಿಮಲಮ್ಮ ಸೆರಗು ಬಾಯಿಗಿಟ್ಟು.

ಇನ್ನೊಂದಿಷ್ಟು ಒತ್ತಿದೆ. ಒಳಗೆಲ್ಲೋ ಕಿಟ್ ಎಂದಿತು. ಬೆರಳ ನೆಟಿಗೆ ಮುರಿದಷ್ಟು ಸಣ್ಣ ಸದ್ದು. ಸ್ಪ್ಯಾನರನ್ನು ಎಡಕ್ಕೆ ತಿರುಗಿಸಿದೆ. ಬಂತು. ಇನ್ನೊಂದು ಸುತ್ತು. ಆಮೇಲೆ ಸ್ಪ್ಯಾನರ್ ತೆಗೆದಿಟ್ಟು ಬೆರಳಲ್ಲೇ ತಿರುಗಿಸಿದೆ. ಮುಚ್ಚಳದ ಹಾಗೆ ಬಂದು ನನ್ನ ಅಂಗೈಯಲ್ಲಿ ಕುಳಿತಿತು. ಕೆಂಪಗೆ ಕುಂಕುಮ, ಕಪ್ಪಗೆ ಎಣ್ಣೆ.

ಕ್ರೇನಿನವನು ಎಂಜಿನ್ ಆಫ್ ಮಾಡಿದ. ಅಂಜಿನಯ್ಯನವರು ಬಾನೆಟ್ಟಿನ ಮೇಲಿದ್ದ ಟೋಪಿ ತೆಗೆದು ತಲೆಗಿಟ್ಟುಕೊಂಡು ನೆಟ್ಟಗೆ ನಿಂತರು. ಸಲ್ಯೂಟ್ ಹೊಡೆದರು ಎಂದು ಜೀವನ್ ಇಂದಿಗೂ ಹೇಳುತ್ತಾನೆ. ನಾನು ನೋಡಿದ್ದು ಬೆವರು ಒರೆಸಿಕೊಂಡದ್ದು.

ಮೊದಲು ಚೇತರಿಸಿಕೊಂಡವರು ಕೃಷ್ಣಪ್ಪ. "ನಿನ್ನೇನೇ ನಾನು ಲೂಸ್ ಮಾಡಿಟ್ಟಿದ್ದೆ" ಎಂದರು.

"ಅಪ್ಪಾ, ಲೂಸ್ ಮಾಡಿದ್ದು ನಾನು."

"ಈಗ ಎಳೆದವ್ರು ಯಾರ್ರೀ?" ಎಂದರು ಅಂಜಿನಯ್ಯ.

ವಾದ ನಡೆಯುತ್ತಲೇ ಸ್ಟೆಪ್ನಿ ಹಾಕಿದರು. ನಾನು ಕಾರು ಸ್ಟಾರ್ಟ್ ಮಾಡಿ ಕ್ರಾಸಿನ ತುದಿಯವರೆಗೆ ಓಡಿಸಿ, ಹಿಂದೆ ತಂದು ಗೇಟಿನೊಳಗೆ ನಿಲ್ಲಿಸಿದೆ. ಇಬ್ಬರು ತಮ್ಮ ಗೇಟುಗಳ ಮುಂದೆ ಕಾವಲು ನಿಂತಿದ್ದರು. ತಂತಿಯ ಮೇಲೆ ಕಾಗೆ ಇತ್ತು ಎಂದು ಹಲವರು ಹೇಳಿದರು. ಮೂಡಲಪಾಳ್ಯದಲ್ಲಿ ತಂತಿಯ ಮೇಲೆ ಯಾವಾಗಲೂ ಕಾಗೆ ಇರುತ್ತದೆ. ಆದರೂ ನಾನು ನೋಡಿದೆ.

ಅಂಜಿನಯ್ಯನವರು ನೋಟಿಸು ಕಿತ್ತು, ಪುಸ್ತಕ ತೆರೆದರು. "ವಾರಸುದಾರರು?"

"ತುಂಗಾ" ಎಂದೆ. "ಬರ್ಕೊಳ್ಳಿ."

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಅಂದೇ ಮಧ್ಯಾಹ್ನ, ಇಡೀ ಕ್ರಾಸು ಪಾಯಸ ಉಂಡು ಮಲಗಿದ್ದಾಗ, ಮತ್ತೆ ಕಿಂಯ್... ಕಿಂಯ್...

ವಿಮಲಮ್ಮ ಕೂದಲು ಕೆದರಿಕೊಂಡು ಓಡಿ ಬಂದರು. "ಇನ್ನೂ ಅಳ್ತಾವ್ನಲ್ಲೇ! ಇನ್ನೇನ್ ಬಾಕಿ ಐತೆ?"

"ಇನ್ನು ಮೂರು ಚಕ್ರ ಅವೆ" ಎಂದರು ಕೃಷ್ಣಪ್ಪ, ಕುಸಿದು ಕುಳಿತು. "ಹನ್ನೆರಡು ನಟ್ಟು."

ಹನ್ನೆರಡು ಎಂಬ ಸಂಖ್ಯೆ ಕೇಳಿ ಜೀವನ್ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡ.

ನನ್ನ ಕೈಯಲ್ಲಿ ಎಣ್ಣೆ ಡಬ್ಬಿಯಿತ್ತು. ಒರೆಸಿಡೋಣವೆಂದು ತೆಗೆದಿದ್ದೆ. ಎಣ್ಣೆ ಕುಡಿದು ಕುಡಿದು ಗಿರಿಯ ಚೀಟಿ ಮೆತ್ತಗಾಗಿ, ಒರೆಸುತ್ತಿದ್ದಂತೆ ಜರ್ಮನಿ ಬೆರಳಿಗೆ ಅಂಟಿಕೊಂಡು ಬಂದುಬಿಟ್ಟಿತು. ಅದರಡಿಯಲ್ಲಿ, ತಗಡಿನ ಮೇಲೆ, ಮೊಳೆಯಿಂದ ಗೀಚಿದ ಅಕ್ಷರ: ಕಸ್ತೂರೆವ್ವ.

ಕಸ್ತೂರೆವ್ವ ಇಳಕಲ್ ಕಡೆಯವಳು. ಹಿಂದಿನ ಕ್ರಾಸಿನಲ್ಲಿ ಒಂದು ಮನೆಯ ಮೆಟ್ಟಿಲ ಕೆಳಗೆ ಹೊಲಿಗೆ ಮಷಿನ್ ಇಟ್ಟುಕೊಂಡು ಸೀರೆಗೆ ಫಾಲ್ಸು, ಪಿಕೋ ಮಾಡುತ್ತಾಳೆ. ಸದ್ದನ್ನು ಹಿಡಿದುಕೊಂಡು ಸಂದಿಯಲ್ಲಿ ನಡೆದೆ. ಹೆಜ್ಜೆ ಹೆಜ್ಜೆಗೂ ಅದು ಜೋರಾಯಿತು. ಮೆಟ್ಟಿಲ ಕೆಳಗೆ ಅವಳು ಪೆಡಲ್ ತುಳಿಯುತ್ತಿದ್ದಳು. ಕಿಂಯ್, ಕಿಂಯ್. ಬಟ್ಟೆ ತಿರುಗಿಸಲು ನಿಲ್ಲಿಸಿದಳು. ಮೌನ. ಮತ್ತೆ ಕಿಂಯ್.

ನನ್ನನ್ನು ಕಂಡು ಎದ್ದು ನಿಂತಳು. "ಬಾ ಯವ್ವಾ, ಕುಂದ್ರು." ಆಮೇಲೆ ನನ್ನ ಕೈ ನೋಡಿದಳು. "ಅಯ್ಯ, ಇದನ್ನ ಕೊಡಾಕ ಬಂದ್ಯಾ?"

"ನಿಮ್ಮದು ಅಂತ ಗೊತ್ತಿರ್ಲಿಲ್ಲ. ಜರ್ಮನ್ ಎಣ್ಣೆ ಅಂದಿದ್ರು."

ಕಸ್ತೂರೆವ್ವನಿಗೆ ನಗು ಒತ್ತರಿಸಿ ಬಂತು. ಸಾವಿನ ಮನೆಯವಳ ಮುಂದೆ ನಗಬಾರದೆಂದು ಬಾಯಿಗೆ ಕೈ ಹಿಡಿದಳು. ಕೈ ಸಾಲಲಿಲ್ಲ. "ಎಲ್ಲೀ ಜರ್ಮನಿ ಯವ್ವಾ! ಬಾಪೂಜಿ ನಗರದ ಅಂಗಡ್ಯಾಗ ತಂದದ್ದದು. ಎರಡ ದಿನಕ್ಕ ಕೊಡ್ತೀನಂತ ಒಯ್ದಿದ್ರು ಸರ. ಮನ್ಯಾಗ ಹೇಳಬ್ಯಾಡ್ರಿ, ನಮ್ಮಾಕಿ ಎಂ.ಎ. ಓದ್ಯಾಳ, ಹೊಲಿಗಿ ಮಷಿನ್ನಿನ ಎಣ್ಣಿ ಅಂದ್ರ ನಗತಾಳ ಅಂದ್ರು."

"ನೀವು ಹೊಸದು ತರಬಹುದಿತ್ತಲ್ಲ?"

"ಹೊಸಾದು ತಂದ್ರ, ಸರ ಕೊಡಾಕ ಬಂದಾಗ ತಡಾ ಮಾಡಿದ್ನಲ್ಲ ಅಂತ ಬೇಜಾರ ಆಗತಾರ ಅಂತ ಬಿಟ್ಟೆ. ಕೊಬ್ಬರಿ ಎಣ್ಣಿ ಹಾಕಿದೆ, ಈಗ ಐದಾರ ದಿನದಿಂದ ಜಿಗುಟ ಹಿಡದು ಒದರಾಕ ಹತ್ತೇತಿ. ಕೇಳೂಣಂದ್ರ ಸರ ಹಿಂಗಾದ್ರು." ಅವಳು ನನ್ನ ಮುಖ ನೋಡಲಿಲ್ಲ. "ಇಷ್ಟ ಸಣ್ಣ ಡಬ್ಬಿ ಯವ್ವಾ. ನಿನ್ನ ಬಾಗ್ಲಿಗೆ ಬಂದು ಹ್ಯಾಂಗ ಕೇಳ್ಲಿ?"

ಡಬ್ಬಿಯನ್ನು ಅವಳ ಕೈಗೆ ಕೊಟ್ಟೆ. "ಎಲ್ಲ ಖರ್ಚು ಮಾಡ್ಬಿಟ್ಟಿದೀವಿ."

ಅವಳು ಕಿವಿಯ ಹತ್ತಿರ ಹಿಡಿದು ಅಲುಗಿಸಿದಳು. "ಮೂರು ಹನಿ ಅದಾವ. ಸಾಕು."

ಮಷಿನ್ನಿನ ಮೂರು ತೂತುಗಳಿಗೆ ಒಂದೊಂದು ಹನಿ ಬಿಟ್ಟು, ಡಬ್ಬಿಯನ್ನು ಪಕ್ಕದ ಗೂಡಿನಲ್ಲಿಟ್ಟಳು. ಅಲ್ಲಿ ಧೂಳಿನ ನಡುವೆ ಅದರ ತಳದಷ್ಟೇ ದುಂಡಗಿನ ಜಾಗ ಖಾಲಿಯಿತ್ತು. ಪೆಡಲ್ ಮೇಲೆ ಕಾಲಿಟ್ಟಳು. ಚಕ್ರ ತಿರುಗಿತು. ಸೂಜಿ ಓಡಿತು. ಸದ್ದಿರಲಿಲ್ಲ.

ಆಚೆಯ ಕ್ರಾಸಿನಿಂದ, ಸಂದಿಯಲ್ಲಿ ನುಸುಳಿಕೊಂಡು, ವಿಮಲಮ್ಮನ ಕೂಗು ಬಂತು: "ರೀ! ನಿಲ್ತು ಕಣ್ರೀ! ಅಳು ನಿಲ್ತು! ಗಿರಿಗೆ ದಾರಿ ಸಿಕ್ತು!"

"ಏನು ನಿಂತಿತಂತವ್ವಾ?" ಎಂದಳು ಕಸ್ತೂರೆವ್ವ.

"ಏನಿಲ್ಲ" ಎಂದೆ. "ನೀವು ಹೊಲೀರಿ. ನಾನು ಸ್ವಲ್ಪ ಹೊತ್ತು ಕೂತಿರ್ತೀನಿ."